ಎಂಟು ಬೈಟ್‌ನ ಜಾಡು ಹಿಡಿದು: ‘ಡರ್ಟಿ ಪೈಪ್’ ಸಿಕ್ಕಿಬಿದ್ದ ಕತೆ

‘ಡರ್ಟಿ ಪೈಪ್’ ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ‘ಕರ್ನಲ್’ನಲ್ಲಿ ಅಡಗಿದ್ದ ಒಂದು ಭದ್ರತಾ ದೋಷ. 2021ರ ಏಪ್ರಿಲ್‌ನಲ್ಲಿ ಜರ್ಮನಿಯ ಸಿಎಂ4ಆಲ್ ಎಂಬ ವೆಬ್ ಹೋಸ್ಟಿಂಗ್ ಕಂಪನಿಗೆ ಒಂದು ದೂರು ಬಂತು. ಗ್ರಾಹಕರು ಇಳಿಸಿಕೊಂಡ ಲಾಗ್ ಫೈಲ್ (ಸೈಟಿಗೆ ಯಾರು ಯಾವಾಗ ಬಂದರೆಂಬ ದಾಖಲೆ) ಬಿಚ್ಚಿಕೊಳ್ಳುತ್ತಿಲ್ಲ, ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ತಪ್ಪಿದೆ ಅನ್ನುತ್ತಿದೆ. ಅಲ್ಲಿನ ಮ್ಯಾಕ್ಸ್ ಕೆಲ್ಲರ್‌ಮನ್ ಅದನ್ನು ಕೈಯಾರೆ ಸರಿಮಾಡಿ ಮರೆತುಬಿಟ್ಟರು. ಒಂದು ಫೈಲ್‌ಗೆ ಯಾರು ತಲೆ ಕೆಡಿಸಿಕೊಳ್ತಾರೆ, ಅಲ್ವಾ?

ತಿಂಗಳುಗಳು ಕಳೆದವು. ಅದೇ ದೂರು ಮತ್ತೆ, ಮತ್ತೂ ಮತ್ತೆ. ಹುಡುಕಿದರೆ 3 ತಿಂಗಳಲ್ಲಿ 37 ಫೈಲು ಕೆಟ್ಟಿದ್ದವು. ಕೆಟ್ಟಿದ್ದು ಕೊನೆಯ 8 ಬೈಟ್ ಮಾತ್ರ. ಅದರಲ್ಲೂ ಜಾಸ್ತಿ ತಿಂಗಳ ಕೊನೇ ದಿನದವೇ. ಆ 8 ಬೈಟ್ ಶುರುವಾಗುತ್ತಿದ್ದದ್ದು ‘ಪಿ’, ‘ಕೆ’ ಅಕ್ಷರಗಳಿಂದ. ಅದು ಜಿಪ್ ಫೈಲಿನ ಗುರುತು.

ಇಡೀ ತಿಂಗಳ ಲಾಗ್ ಬೇಕೆಂದರೆ ಸರ್ವರ್ ದಿನದಿನದ ಫೈಲುಗಳನ್ನು ಸೇರಿಸಿ ಜಿಪ್ ಕಟ್ಟಿ ಕಳಿಸುತ್ತಿತ್ತು. ಕೊನೇ ದಿನದ ಫೈಲ್ ಮುಗಿದ ಕೂಡಲೇ ಜಿಪ್‌ನ ಒಳಪಟ್ಟಿ ಶುರು. ಆ ಪಟ್ಟಿಯ ಮೊದಲ 8 ಬೈಟ್ ಹೋಗಿ ಮೂಲ ಫೈಲಿನ ಬಾಲದಲ್ಲಿ ಕೂತಿತ್ತು. ಆದರೆ ಜಿಪ್ ಕಟ್ಟುವ ಪ್ರೋಗ್ರಾಮ್‌ಗೆ ಆ ಫೈಲನ್ನು ಓದಲು ಮಾತ್ರ ಅನುಮತಿ. ಬರೆಯುವ ಹಾಗೇ ಇರಲಿಲ್ಲ!

ಇಂಥ ಹೊತ್ತಲ್ಲಿ ಕರ್ನಲ್ ಮೇಲೆ ಬೊಟ್ಟು ಮಾಡುವವರು ಸಾಮಾನ್ಯವಾಗಿ ತಪ್ಪಿರುತ್ತಾರೆ. ಹಾಗಾಗಿ ಖಾತ್ರಿ ಮಾಡಿಕೊಳ್ಳಲು ಕೆಲ್ಲರ್‌ಮನ್ ಎರಡು ಪುಟ್ಟ ಪ್ರೋಗ್ರಾಮ್ ಬರೆದರು. ಒಂದು, ಫೈಲಿಗೆ ಬರೀ ‘ಎ’ ಬರೆಯುತ್ತದೆ. ಇನ್ನೊಂದು, ಆ ಫೈಲಿನ ಚೂರನ್ನು ಪೈಪ್‌ಗೆ ಕೊಟ್ಟು, ಅದೇ ಪೈಪ್‌ಗೆ ‘ಬಿ’ ಬರೆಯುತ್ತದೆ. ಫೈಲ್ ತೆರೆದು ನೋಡಿದರೆ ಒಳಗೆ ‘ಬಿ’ಗಳು ಕೂತಿದ್ದವು.

ಪೈಪ್ ಅಂದರೆ ಒಂದು ಪ್ರೋಗ್ರಾಮ್‌ನಿಂದ ಇನ್ನೊಂದಕ್ಕೆ ಮಾಹಿತಿ ಹರಿಸುವ ಕೊಳವೆ. ಅದರೊಳಗೆ ಡಬ್ಬಗಳ ಸಾಲು ಇರುತ್ತದೆ, ಒಂದೊಂದು ಡಬ್ಬದಲ್ಲಿ ಮೆಮೊರಿಯ ಒಂದು ಪುಟ. ಫೈಲನ್ನು ಪೈಪ್‌ಗೆ ಹಾಕುವಾಗ ‘ಸ್ಪ್ಲೈಸ್’ ಎಂಬ ಕರ್ನಲ್ ಸೌಲಭ್ಯ ಬಳಸಿದರೆ ಕರ್ನಲ್ ನಕಲು ಮಾಡುವುದಿಲ್ಲ. ಪೇಜ್ ಕ್ಯಾಶ್‌ನಲ್ಲಿ (ಡಿಸ್ಕ್‌ನ ಫೈಲುಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಇರುವ ಫೈಲಿನ ಅಸಲಿ ಪುಟವನ್ನೇ ಡಬ್ಬದಲ್ಲಿಡುತ್ತದೆ.

ತಪ್ಪು ಇಲ್ಲೇ. ಡಬ್ಬದ ಮೇಲೆ ಅದನ್ನು ಹೇಗೆ ಬಳಸಬೇಕೆಂದು ಹೇಳುವ ಚೀಟಿಗಳಿರುತ್ತವೆ, ಕೋಡ್‌ನಲ್ಲಿ ಅವುಗಳ ಹೆಸರು ‘ಫ್ಲ್ಯಾಗ್ಸ್’. 2016ರಲ್ಲಿ, ಲಿನಕ್ಸ್ 4.9ಕ್ಕೆ ಸೇರಿದ ಹೊಸ ಕೋಡ್, ಹಳೇ ಡಬ್ಬಕ್ಕೆ ಹೊಸ ಪುಟ ಹಾಕುವಾಗ ಹಳೇ ಚೀಟಿ ಕೀಳಲಿಲ್ಲ. ಆಗ ಅದರಿಂದ ಏನೂ ಆಗಲಿಲ್ಲ, ಅಪಾಯದ ಚೀಟಿಯೇ ಇರಲಿಲ್ಲವಲ್ಲ. 2020ರಲ್ಲಿ 5.8 ಬಂತು. ಕೋಡ್ ಚೊಕ್ಕ ಮಾಡುವ ನೆಪದಲ್ಲಿ ‘ಇದೇ ಪುಟಕ್ಕೆ ಮುಂದಿನದನ್ನೂ ಸೇರಿಸಬಹುದು’ ಎಂಬ ಹೊಸ ಚೀಟಿ ಹುಟ್ಟಿತು. ಸಕ್ಕರೆ ಚೀಟಿ ಇರುವ ಡಬ್ಬಕ್ಕೆ ಉಪ್ಪು ತುಂಬಿದ ಹಾಗಾಯಿತು. ಆ ಹಳೇ ಚೀಟಿ ಉಳಿದ ಡಬ್ಬಕ್ಕೆ ಫೈಲಿನ ಪುಟ ಬಂದರೆ, ಪೈಪ್‌ಗೆ ಬರೆದದ್ದು ಫೈಲಿನ ಪುಟದಲ್ಲೇ ಹೋಗಿ ಕೂರುತ್ತಿತ್ತು. ಎರಡು ಬದಲಾವಣೆಗಳನ್ನೂ ಬಿಡಿಯಾಗಿ ನೋಡಿದರೆ ನಿಮಗೂ ನನಗೂ ಅನುಮಾನ ಬರುತ್ತಿರಲಿಲ್ಲ.

ಸಾಧಾರಣ ಬಳಕೆದಾರನೂ ಪೈಪ್ ತುಂಬಿಸಿ, ಖಾಲಿ ಮಾಡಿ, ಪಾಸ್‌ವರ್ಡ್ ಫೈಲಿನ ಒಂದು ಬೈಟನ್ನು ಸ್ಪ್ಲೈಸ್ ಮಾಡಿ, ಮೇಲಿಂದ ಬರೆದರೆ ಸಾಕು, ರೂಟ್ (ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ಬಳಕೆದಾರ) ಆಗಬಹುದಿತ್ತು. ಮಿತಿಗಳೂ ಇದ್ದವು: ಪುಟದ ಮೊದಲ ಬೈಟ್ ಮುಟ್ಟಲಾಗದು, ಫೈಲನ್ನು ಉದ್ದ ಮಾಡಲಾಗದು. ಬದಲಾವಣೆ ಡಿಸ್ಕ್‌ಗೆ ಹೋಗಲೇಬೇಕೆಂದೂ ಇಲ್ಲ, ರೀಬೂಟ್ ಮಾಡಿದರೆ ಕುರುಹೂ ಅಳಿಸಬಹುದು. ತನಿಖೆ ಮಾಡುವವರಿಗೆ ಅದೇ ತಲೆನೋವು.

2022ರ ಫೆಬ್ರವರಿ 20ಕ್ಕೆ ಕರ್ನಲ್ ಭದ್ರತಾ ತಂಡಕ್ಕೆ ವರದಿ ಹೋಯಿತು. 23ಕ್ಕೆ ದೋಷ ಸರಿಪಡಿಸಿದ ಆವೃತ್ತಿಗಳಾದ 5.16.11, 5.15.25, 5.10.102 ಬಿಡುಗಡೆಯಾದವು. ಮಾರ್ಚ್ 7ಕ್ಕೆ ವಿಷಯ ಎಲ್ಲರಿಗೂ ಗೊತ್ತಾಯಿತು. 2016ರ ‘ಡರ್ಟಿ ಕೌ’ ಎಂಬ ಲಿನಕ್ಸ್ ದೋಷಕ್ಕೆ ಹತ್ತಿರದ್ದೆಂದು ಹೆಸರೂ ಹಾಗೇ ಬಂತು. ಪರಿಹಾರ? ಎರಡು ಕಡೆ ‘ಫ್ಲ್ಯಾಗ್ಸ್ = 0’ ಎಂಬ ಒಂದು ಸಾಲು, ಅಂದರೆ ಹಳೇ ಚೀಟಿ ಕೀಳು ಅಂತ.

ಮೆಮೊರಿ ಕೊಡುವಾಗಲೇ ಸೊನ್ನೆ ಮಾಡಿಕೊಡುವ ಸೌಲಭ್ಯ ಕರ್ನಲ್‌ನಲ್ಲಿದೆ. ಇಲ್ಲಿ ಅದು ಕೆಲಸಕ್ಕೆ ಬರುತ್ತಿರಲಿಲ್ಲ, ಡಬ್ಬ ವಾಪಸ್ ಹೋಗದೆ ಅಲ್ಲೇ ಮರುಬಳಕೆ ಆಗುತ್ತಿತ್ತು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡಬ್ಬವನ್ನು ಹೊಸದಾಗಿ ಕಟ್ಟುವಾಗ ಒಂದು ಚೀಟಿ ಬಿಟ್ಟರೂ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಮ್) ತಡೆಯುತ್ತದೆ. ಆ ಭಾಷೆಗೆ ಲಿನಕ್ಸ್ ಬಾಗಿಲು ತೆರೆದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, 6.1ರ ಜೊತೆ.

ಆಂಡ್ರಾಯ್ಡ್ ಫೋನ್‌ಗಳೂ ಓಡುವುದು ಲಿನಕ್ಸ್ ಕರ್ನಲ್ ಮೇಲೇ. ಹೆಚ್ಚು ಪೇಚಿಗೆ ಸಿಕ್ಕಿದವರು ಹೊಸ ಫೋನ್ ಕೊಂಡವರು. ಪಿಕ್ಸೆಲ್ 6, ಗ್ಯಾಲಕ್ಸಿ ಎಸ್22ರಲ್ಲಿ ಇದ್ದದ್ದು 5.10 ಕರ್ನಲ್. ಹಳೇ ಕರ್ನಲ್‌ನ ಹಳೇ ಫೋನ್ ಇಟ್ಟುಕೊಂಡವರಿಗೆ ಈ ತೊಂದರೆಯೇ ಇರಲಿಲ್ಲ.