ತೀರ್ಪು ತೋರಿಸಿದೆವು, ಕಾರಣ ಕತ್ತರಿಸಿದೆವು

ಅಡುಗೆ ಸ್ಪರ್ಧೆಯ ಫಿನಾಲೆ ಪ್ರಸಾರವಾದ ಮರುದಿನ ಬೆಳಗ್ಗೆ ನನ್ನ ಮೊಬೈಲ್‌ಗೆ ಬರುವ ಸಂದೇಶಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಕೇಳುತ್ತವೆ: ‘ನಿಜ ಹೇಳಿ ಸರ್, ಮೊದಲೇ ಫಿಕ್ಸ್ ಆಗಿತ್ತಲ್ಲ?’ ರಿಯಾಲಿಟಿ ಕಾರ್ಯಕ್ರಮಗಳ ಸಂಕಲನವನ್ನೇ ವೃತ್ತಿಯಾಗಿಸಿಕೊಂಡ ನನಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಫಿನಾಲೆಯ ಫುಟೇಜ್ ನನ್ನ ಕೈಸೇರುವ ಹೊತ್ತಿಗೆ ಗೆದ್ದವರ ಹೆಸರು ನನಗೆ ಗೊತ್ತಿರುತ್ತದೆ ಎಂಬುದಂತೂ ನಿಜ. ಆದರೆ ಇಷ್ಟು ವರ್ಷ ಎಡಿಟಿಂಗ್ ಟೇಬಲ್ಲಿನ ಮುಂದೆ ಕುಳಿತ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ವೀಕ್ಷಕರ ಸಿಟ್ಟಿಗೆ ಬಹುಪಾಲು ಸಂದರ್ಭಗಳಲ್ಲಿ ಕಾರಣವಾಗುವುದು ತೀರ್ಪುಗಾರರ ಪಕ್ಷಪಾತವಲ್ಲ, ನಾವು ಸಂಕಲನಕಾರರು ಕತ್ತರಿಸಿ ಪಕ್ಕಕ್ಕಿಟ್ಟ ಕೆಲವು ಸೆಕೆಂಡುಗಳು.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಿನಾಲೆಯಲ್ಲಿ ಒಂದು ತಟ್ಟೆಯ ಮುಂದೆ ನಿಂತು ತೀರ್ಪುಗಾರರು ಹತ್ತು ಹದಿನೈದು ನಿಮಿಷ ಮಾತನಾಡುವುದುಂಟು. ಪರದೆಯ ಮೇಲೆ ಅದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ನಿಮಿಷ. ಉಳಿಸಬೇಕಾದ ಮಾತು ಯಾವುದು ಎಂದು ಯಾರನ್ನೇ ಕೇಳಿದರೂ, ಸೋಲು ಗೆಲುವನ್ನು ನಿರ್ಧರಿಸಿದ ಮಾತನ್ನು ಉಳಿಸಿ ಎಂದೇ ಹೇಳುತ್ತಾರೆ. ನಮ್ಮ ಇಕ್ಕಟ್ಟು ಇರುವುದೂ ಅಲ್ಲಿಯೇ. ಆ ಒಂದು ಮಾತನ್ನು ಉಳಿಸಿದರೆ ಫಲಿತಾಂಶ ಅರ್ಧ ಗಂಟೆ ಮೊದಲೇ ರಟ್ಟಾಗುತ್ತದೆ, ಮುಂದಿನ ಬ್ರೇಕ್‌ನಲ್ಲಿ ಜನ ಎದ್ದುಹೋಗುತ್ತಾರೆ. ಹಾಗಾಗಿ ಇಬ್ಬರು ಸ್ಪರ್ಧಿಗಳಿಗೂ ಎರಡೆರಡು ಹೊಗಳಿಕೆ, ಒಂದೊಂದು ಸಣ್ಣ ಕೊರತೆ ಎಂಬಂತೆ ತಕ್ಕಡಿಯನ್ನು ಸಮ ಮಾಡುತ್ತೇವೆ. ಕುತೂಹಲ ಕೊನೆಯ ಕ್ಷಣದವರೆಗೂ ಉಳಿಯುತ್ತದೆ. ಆದರೆ ಹೆಸರು ಘೋಷಣೆಯಾದಾಗ ಆ ಗೆಲುವಿಗೆ ಪರದೆಯ ಮೇಲೆ ಯಾವ ಆಧಾರವೂ ಇರುವುದಿಲ್ಲ. ಆಧಾರ ಕಾಣದ ತೀರ್ಪನ್ನು ಕಂಡ ವೀಕ್ಷಕರು ತಮಗೆ ತೋಚಿದ ಆಧಾರವನ್ನು ಹುಡುಕಿಕೊಳ್ಳುತ್ತಾರೆ: ದುಡ್ಡು, ಶಿಫಾರಸು, ಚಾನೆಲ್‌ನ ಲೆಕ್ಕಾಚಾರ.

ನಾನೇ ಮಾಡಿದ ಇಂಥದ್ದೊಂದು ಕೆಲಸ ಇನ್ನೂ ಕಣ್ಣ ಮುಂದಿದೆ. ಕಾರ್ಯಕ್ರಮದ ಹೆಸರು ಬೇಡ. ಮೂವರು ತೀರ್ಪುಗಾರರ ಮುಂದೆ ಒಬ್ಬರೇ ಸ್ಪರ್ಧಿ ಮಾಡಿದ ಮೀನಿನ ಮೂರು ತಟ್ಟೆಗಳು ಬಂದಿದ್ದವು. ಎರಡರಲ್ಲಿ ಮೀನು ಹದವಾಗಿ ಬೆಂದಿತ್ತು, ಮೂರನೆಯದರ ನಡುಭಾಗ ಹಸಿಯಾಗಿತ್ತು. ಆ ತಟ್ಟೆ ಸಿಕ್ಕಿದ ತೀರ್ಪುಗಾರರು ಚಾಕುವಿನ ತುದಿಯಿಂದ ತುಂಡನ್ನು ಬಿಡಿಸಿ, ಒಳಗಿನ ಹೊಳಪನ್ನು ಪಕ್ಕದವರಿಗೆ ತೋರಿಸಿ, ಏನೂ ಹೇಳದೆ ಫೋರ್ಕನ್ನು ಕೆಳಗಿಟ್ಟರು. ಒಟ್ಟು 9 ಸೆಕೆಂಡಿನ ತುಣುಕು. ಟೈಮ್‌ಲೈನಿನಲ್ಲಿ ಅದನ್ನು ಮೂರು ಸಲ ನೋಡಿ, ಇದನ್ನು ಬಿಟ್ಟರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದುಕೊಂಡು ತೆಗೆದುಬಿಟ್ಟೆ. ಆ ಜಾಗಕ್ಕೆ ಅದೇ ತೀರ್ಪುಗಾರರು ಸಾಸ್‌ನ ರುಚಿಯನ್ನು ಮೆಚ್ಚಿದ ಮಾತನ್ನು ಹಾಕಿದೆ, ಅದೂ ಸುಳ್ಳಲ್ಲ, ಅವರು ಹೇಳಿದ್ದೇ. ಇಡೀ ಸೀಸನ್ ಜನರ ಮೆಚ್ಚುಗೆ ಗಳಿಸಿದ್ದ ಆ ಸ್ಪರ್ಧಿ ಸೋತಾಗ, ವಾರಗಟ್ಟಲೆ ಬೈಗುಳ ತಿಂದವರು ಆ ತೀರ್ಪುಗಾರರು. ಎದುರಿಗೆ ಹೊಗಳಿ ಹಿಂದಿನಿಂದ ಅಂಕ ಕತ್ತರಿಸಿದರು ಎಂಬುದು ಅವರ ಮೇಲಿನ ಆರೋಪ. ಕತ್ತರಿಸಿದವನು ನಾನು.

ಹೀಗೆ ಹೇಳಿದ ಮಾತ್ರಕ್ಕೆ, ಕಾರಣವನ್ನು ತೋರಿಸಿದರೆ ಸಿಟ್ಟೇ ಬರುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ಅಮೆರಿಕದ ‘ಟಾಪ್ ಶೆಫ್’ನ ಐದನೆಯ ಸೀಸನ್ನಿನ ಫಿನಾಲೆ 2009ರಲ್ಲಿ ಪ್ರಸಾರವಾಯಿತು. ಅಂತಿಮ ಸುತ್ತಿನ ಮೂವರಲ್ಲಿ ಕಾರ್ಲಾ ಹಾಲ್ ವೀಕ್ಷಕರ ಮನಗೆದ್ದಿದ್ದವರು. ಅಂದು ಅವರಿಗೆ ಸಹಾಯಕರಾಗಿ ಬಂದಿದ್ದ, ಹಿಂದಿನ ಸೀಸನ್ನೊಂದರ ಸ್ಪರ್ಧಿ ಕೇಸಿ ಥಾಂಪ್ಸನ್ ಅವರ ಸಲಹೆಯಂತೆ ಕಾರ್ಲಾ ಮಾಂಸವನ್ನು ‘ಸೂ ವೀಡ್’ ವಿಧಾನದಲ್ಲಿ, ಅಂದರೆ ಗಾಳಿ ತೆಗೆದ ಚೀಲದಲ್ಲಿಟ್ಟು ಹದಬಿಸಿ ನೀರಿನಲ್ಲಿ, ಬೇಯಿಸಿದರು. ತಾವು ಯೋಚಿಸಿದ್ದ ಟಾರ್ಟ್ ಬಿಟ್ಟು, ಮೊಟ್ಟೆಯ ನೊರೆಯಿಂದ ಉಬ್ಬಿಸಿ ಬೇಯಿಸುವ ಸೂಫ್ಲೆಗೆ ಕೈಹಾಕಿದರು. ಎರಡೂ ಕೈಕೊಟ್ಟವು, ಹೋಸಿಯಾ ರೋಸೆನ್‌ಬರ್ಗ್ ಗೆದ್ದರು. ಈ ಎಲ್ಲವನ್ನೂ ಸಂಕಲನಕಾರರು ಮುಚ್ಚುಮರೆಯಿಲ್ಲದೆ ತೋರಿಸಿದ್ದರು. ಅಭಿಮಾನಿಗಳಿಗೆ ನೋವಾಯಿತು, ಅವರ ಸಿಟ್ಟು ಸಲಹೆ ಕೊಟ್ಟ ಕೇಸಿಯ ಕಡೆಗೂ ತಿರುಗಿತು. ಅದು ನ್ಯಾಯವೇ ಎಂಬುದು ಬೇರೆ ಮಾತು. ಸಲಹೆಯನ್ನು ಒಪ್ಪಿಕೊಂಡವರು ಕಾರ್ಲಾ ತಾನೇ? ಆದರೂ ಅಡುಗೆ ಎಲ್ಲಿ ಎಡವಿತು ಎಂಬುದರ ಬಗ್ಗೆ ಗೊಂದಲ ಉಳಿಯಲಿಲ್ಲ.

ಈ ಪ್ರಸಂಗದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಫಿನಾಲೆಯಲ್ಲಿ ವೀಕ್ಷಕರು ಮತ್ತು ತೀರ್ಪುಗಾರರು ನೋಡುತ್ತಿರುವುದು ಎರಡು ಬೇರೆ ಬೇರೆ ಸ್ಪರ್ಧೆಗಳನ್ನು. ಇಂಥ ಬಹಳಷ್ಟು ಕಾರ್ಯಕ್ರಮಗಳಲ್ಲಿ ಅಂದಿನ ಅಡುಗೆಗಷ್ಟೇ ಅಂದಿನ ತೀರ್ಪು. ಹಿಂದಿನ ವಾರಗಳ ಗೆಲುವು ಲೆಕ್ಕಕ್ಕೆ ಬರುವುದಿಲ್ಲ. ವೀಕ್ಷಕರಾದರೋ ಮೊದಲ ಕಂತಿನಿಂದ ಒಬ್ಬ ವ್ಯಕ್ತಿಯ ಬೆಳವಣಿಗೆಯನ್ನು ಕಂಡಿರುತ್ತಾರೆ, ಕೈ ಸುಟ್ಟುಕೊಂಡದ್ದು, ಅತ್ತದ್ದು, ಚೇತರಿಸಿಕೊಂಡದ್ದು ಎಲ್ಲವೂ ಅವರ ಖಾತೆಯಲ್ಲಿ ಜಮೆಯಾಗಿರುತ್ತದೆ. ಆ ಖಾತೆಯನ್ನು ತೆರೆದವರೂ ನಾವೇ. ಹನ್ನೆರಡು ವಾರ ಮನುಷ್ಯರ ಕಥೆ ಹೇಳಿ, ಕೊನೆಯ ದಿನ ಮಾತ್ರ ‘ಇದು ಅಡುಗೆಯ ಸ್ಪರ್ಧೆ, ತಟ್ಟೆಯನ್ನಷ್ಟೇ ನೋಡಿ’ ಎಂದರೆ ಯಾರು ಒಪ್ಪುತ್ತಾರೆ?

‘ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ’ದ 2021ರ ಫಿನಾಲೆ ಈ ಎರಡು ಲೆಕ್ಕಗಳ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ಬಾಂಗ್ಲಾದೇಶಿ ಮೂಲದ ಕಿಶ್ವರ್ ಚೌಧರಿ ಅಲ್ಲಿ ಪಾಂತಾ ಭಾತ್ ಮಾಡಿದರು. ನೀರಿನಲ್ಲಿ ನೆನೆಸಿ ಹುಳಿ ಬರಿಸಿದ ಅನ್ನ. ಜೊತೆಗೆ ಆಲೂಗಡ್ಡೆಯ ಭರ್ತಾ ಮತ್ತು ಮೀನು. ಇಂಥ ಅಡುಗೆ ಹೋಟೆಲುಗಳಲ್ಲಿ ಕಾಣಸಿಗುವುದಿಲ್ಲ ಎಂದು ಅವರೇ ತೀರ್ಪುಗಾರರಿಗೆ ಹೇಳಿದ್ದರು. ಅಂಕಪಟ್ಟಿಯಲ್ಲಿ ಜಸ್ಟಿನ್ ನಾರಾಯಣ್ 125, ಪೀಟ್ ಕ್ಯಾಂಪ್‌ಬೆಲ್ 124, ಕಿಶ್ವರ್ 114. ಒಂದೇ ಅಂಕದಲ್ಲಿ ತೀರ್ಮಾನವಾದ ಮೊದಲ ಸ್ಥಾನದ ಬಗ್ಗೆಯೇ ದೊಡ್ಡ ಜಗಳವಾಗಬೇಕಿತ್ತು. ಆದರೆ ಬಾಂಗ್ಲಾದೇಶದಲ್ಲೂ ಪಶ್ಚಿಮ ಬಂಗಾಳದಲ್ಲೂ ಜನ ಮಾತನಾಡಿದ್ದು ಮೂರನೆಯ ಸ್ಥಾನ ಪಡೆದವರ ಬಗ್ಗೆ, ಮನೆಯ ಬಡ ಊಟವೊಂದು ಅಷ್ಟು ದೊಡ್ಡ ವೇದಿಕೆ ಏರಿದ ಬಗ್ಗೆ. ಆ ಮಾತುಕತೆಯಲ್ಲಿ 114 ಎಂಬ ಸಂಖ್ಯೆಗೆ ದೊಡ್ಡ ಪಾತ್ರವಿರಲಿಲ್ಲ.

ರುಚಿಯ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಮರೆಯುವ ಸಂಗತಿ. ಉಪ್ಪು, ಹುಳಿ, ಬಿಸಿ, ವಾಸನೆ ಯಾವುದೂ ಪರದೆಯನ್ನು ದಾಟುವುದಿಲ್ಲ. ದಾಟುವುದು ಬಣ್ಣ ಮತ್ತು ಅಲಂಕಾರ ಮಾತ್ರ. ಚಿತ್ರೀಕರಣದ ತಾಂತ್ರಿಕ ಕೆಲಸಗಳ ನಡುವೆ ತಟ್ಟೆ ತಣ್ಣಗಾಗುತ್ತದೆ ಎಂಬ ಕಾರಣಕ್ಕೆ ತೀರ್ಪುಗಾರರು ಒಲೆಯ ಬಳಿಯೇ ಒಂದಿಷ್ಟು ರುಚಿ ನೋಡಿರುವುದೂ ಉಂಟು. ಅದು ಪ್ರಸಾರದಲ್ಲಿ ಕಾಣದಿದ್ದರೆ, ಒಂದು ಚಮಚ ತಿಂದು ಇಷ್ಟೊಂದು ಮಾತನಾಡುತ್ತಾರಲ್ಲ ಎಂಬ ಅನುಮಾನ ಸಹಜ.

ಅನುಮಾನಕ್ಕೆ ನಾವು ಕೊಡುವ ಇನ್ನೊಂದು ಆಹಾರವೆಂದರೆ ಹೆಸರು ಘೋಷಣೆಯ ಮುಂಚಿನ ಮೌನ. ಮೂಲ ಫುಟೇಜ್‌ನಲ್ಲಿ ಅದು ನಾಲ್ಕೈದು ಸೆಕೆಂಡು. ಅದನ್ನು ಅರ್ಧ ನಿಮಿಷಕ್ಕೆ ಎಳೆಯಲು ಕುಟುಂಬದವರ ಮುಖ, ಸ್ಪರ್ಧಿಗಳ ಬಿಗಿದ ಮುಷ್ಟಿ, ತೀರ್ಪುಗಾರರ ನೋಟ ಹೀಗೆ ರಿಯಾಕ್ಷನ್ ಶಾಟ್‌ಗಳನ್ನು ಜೋಡಿಸುತ್ತೇವೆ, ಮತ್ತು ಅವುಗಳಲ್ಲಿ ಕೆಲವು ಅದೇ ದಿನದ ಬೇರೆ ಹೊತ್ತಿನವು. ‘ಘೋಷಣೆಗೆ ಮೊದಲೇ ಆ ತೀರ್ಪುಗಾರರು ಅವಳನ್ನು ನೋಡಿ ನಕ್ಕರು, ನಾನು ಗಮನಿಸಿದೆ’ ಎಂದು ವೀಕ್ಷಕರೊಬ್ಬರು ಬರೆದಿದ್ದರು. ಅವರು ಗಮನಿಸಿದ್ದು ಸರಿ. ಆ ನಗು ಮಧ್ಯಾಹ್ನ ಲೈಟೊಂದು ಕೆಟ್ಟು ಎಲ್ಲರೂ ಕಾಯುತ್ತಿದ್ದಾಗ ಬಂದದ್ದು.

ಗೆದ್ದವರ ಹೆಸರಿನ ಗುಟ್ಟಿಗೆ ಇಷ್ಟೊಂದು ಬೆಲೆ ಏಕೆ ಎಂದರೆ, ಫಿನಾಲೆಗೆ ಸೇರುವ ವೀಕ್ಷಕರ ಸಂಖ್ಯೆ ಅಂಥದ್ದು. 2010ರ ಜುಲೈ 25ರಂದು ಆಸ್ಟ್ರೇಲಿಯಾದಲ್ಲಿ ಅಂದಿನ ಪ್ರಧಾನಿ ಜೂಲಿಯಾ ಗಿಲ್ಲಾರ್ಡ್ ಮತ್ತು ವಿರೋಧ ಪಕ್ಷದ ನಾಯಕ ಟೋನಿ ಅಬಾಟ್ ನಡುವಿನ ಚುನಾವಣಾ ಚರ್ಚೆಯನ್ನು ಮಾಸ್ಟರ್‌ಶೆಫ್ ಫಿನಾಲೆಗೆ ಅಡ್ಡಬಾರದಂತೆ ಸಂಜೆ 6.30ಕ್ಕೇ ಇಟ್ಟುಕೊಂಡಿದ್ದರು. 2017ರ ಅಕ್ಟೋಬರ್ 31ರಂದು ‘ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್’ನ ತೀರ್ಪುಗಾರ್ತಿ ಪ್ರೂ ಲೀತ್ ಭೂತಾನ್‌ನಲ್ಲಿದ್ದು, ಸಮಯದ ವ್ಯತ್ಯಾಸವನ್ನು ತಪ್ಪಾಗಿ ಲೆಕ್ಕಹಾಕಿ, ಪ್ರಸಾರಕ್ಕೆ ಗಂಟೆಗಳ ಮೊದಲೇ ವಿಜೇತೆಗೆ ಟ್ವಿಟರ್‌ನಲ್ಲಿ ಅಭಿನಂದನೆ ಹೇಳಿಬಿಟ್ಟರು, ಅಂದು ಎದ್ದ ಕೋಲಾಹಲವನ್ನು ನೆನೆದರೆ ಯಾವ ಸಂಕಲನಕಾರನ ಕೈಯೂ ನಡುಗುತ್ತದೆ. ಟಾಪ್ ಶೆಫ್‌ನ ಕೊನೆಯಲ್ಲಿ, ತೀರ್ಪುಗಾರರು ನಿರ್ಮಾಪಕರೊಂದಿಗೆ ಸಮಾಲೋಚಿಸಿ ನಿರ್ಧಾರ ಕೈಗೊಂಡಿದ್ದಾರೆ ಎಂಬ ಸಾಲು ಓಡುತ್ತದೆ. ಅದು ಕ್ಷಣಾರ್ಧದಲ್ಲಿ ಸರಿದುಹೋಗುವ ಸಣ್ಣ ಅಕ್ಷರದ ಸಾಲು, ಆದರೆ ಅದನ್ನು ಹಿಡಿದು ನಿಲ್ಲಿಸಿ ಓದುವ ವೀಕ್ಷಕರನ್ನು ನಾನು ದೂರುವುದಿಲ್ಲ.

ಹಾಗಾದರೆ ಕಾರಣವನ್ನು ಎಲ್ಲಿ ತೋರಿಸುವುದು? ಹೆಸರು ಘೋಷಣೆಯಾದ ಮೇಲೆ, ಎಂಬುದು ನನ್ನ ಹಳೆಯ ಬೇಡಿಕೆ. ಬಣ್ಣದ ಕಾಗದದ ಚೂರುಗಳು ಬಿದ್ದು, ಅಪ್ಪುಗೆಗಳು ಮುಗಿದ ನಂತರ, ತೆಗೆದಿಟ್ಟ ಆ ತುಣುಕುಗಳನ್ನು ಎರಡು ನಿಮಿಷ ಹಾಕಲು ಬಿಡಿ ಎಂದು ಪ್ರತಿ ಸೀಸನ್ನಿನಲ್ಲೂ ಕೇಳುತ್ತೇನೆ. ಹೆಸರು ಗೊತ್ತಾದ ಮೇಲೆ ಯಾರು ಕುಳಿತು ನೋಡುತ್ತಾರೆ ಎಂಬ ಉತ್ತರ ಪ್ರತಿ ಸಲವೂ ಬರುತ್ತದೆ, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಕಳೆದ ಸಲ ಚೌಕಾಸಿ ಮಾಡಿ 40 ಸೆಕೆಂಡು ಪಡೆದೆ. ಸೋತ ಸ್ಪರ್ಧಿಯ ಕೇಕನ್ನು ಕತ್ತರಿಸಿದಾಗ ನಡುವೆ ಉಳಿದಿದ್ದ ಹಸಿ ಹಿಟ್ಟು ಚಾಕುವಿಗೆ ಅಂಟಿಕೊಂಡು ಬಂದ ದೃಶ್ಯವನ್ನು ಅದರಲ್ಲಿ ಹಾಕಿದೆ. ಮರುದಿನ ಬೆಳಗ್ಗೆ ಬಂದ ಸಂದೇಶಗಳಲ್ಲಿ ಫಿಕ್ಸಿಂಗ್‌ನ ಮಾತು ಮೊದಲಿಗಿಂತ ಕಡಿಮೆಯಿತ್ತು. ಒಲೆಯನ್ನು ಎಷ್ಟು ಬಿಸಿ ಮಾಡಿದ್ದರು, ಕೇಕ್ ಎಷ್ಟು ಹೊತ್ತು ಒಳಗಿತ್ತು ಎಂದು ಕೇಳಿದವರೇ ಹೆಚ್ಚು.