ಸಣ್ಣ ಊರಿನ ಕೊಳಚೆ ನೀರು: ಹೊಂಡ, ಕಾಲುವೆ, ಜೊಂಡು

ಅಮೆರಿಕದ ನಾರ್ತ್ ಡಕೋಟಾದ ಪುಟ್ಟ ಊರು ಫೆಸೆಂಡನ್. ಅಲ್ಲಿಯ ಕೊಳಚೆ ನೀರನ್ನು ಬಿಡಲು ಹತ್ತಿರದಲ್ಲಿ ತಕ್ಕ ಹೊಳೆಯಿರಲಿಲ್ಲ. 1928ರಲ್ಲಿ ಊರಿನವರು ಅದನ್ನು ಊರಾಚೆಯ ತಗ್ಗಿಗೆ ಹರಿಯಬಿಟ್ಟರು. ಬೇರೆ ದಾರಿ ಕಾಣದೆ ಮಾಡಿದ ಕೆಲಸ ಅದು. ಆದರೆ ಆ ತಗ್ಗು ನೀರನ್ನು ಬರೀ ಹಿಡಿದಿಟ್ಟುಕೊಳ್ಳಲಿಲ್ಲ, ಶುದ್ಧವನ್ನೂ ಮಾಡುತ್ತಿತ್ತು. 1948ರಲ್ಲಿ ಅದೇ ರಾಜ್ಯದ ಮ್ಯಾಡಕ್ ಎಂಬ ಊರು ಲೆಕ್ಕ ಹಾಕಿ, ಬೇಕೆಂದೇ ಇಂಥದ್ದೊಂದು ಹೊಂಡ ತೋಡಿತು.

ಒಂದೂವರೆ ಮೀಟರಿನಷ್ಟೇ ಆಳದ ಆ ಹೊಂಡದೊಳಗೆ ಏನು ನಡೆಯುತ್ತದೆ ನೋಡಿ. ತಳದಲ್ಲಿ ಕಪ್ಪು ಕೆಸರು; ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬಿಟ್ಟ ಅನಿಲ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಮೇಲ್ಪದರದಲ್ಲಿ ಹಸಿರು ಪಾಚಿ. ಹಗಲಲ್ಲಿ ಅದು ಬಿಡುವ ಆಮ್ಲಜನಕವನ್ನು ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಉಸಿರಾಡಿ, ನೀರಿನಲ್ಲಿ ಕರಗಿದ ಕೊಳೆಯನ್ನು ತಿನ್ನುತ್ತದೆ. ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ. ಮೋಟಾರು ಬೇಡ, ಕರೆಂಟು ಬೇಡ. ಬೇಕಾದದ್ದು ವಾರಗಟ್ಟಲೆ ಸಮಯ ಮತ್ತು ಜಾಗ. ಊರು ಚಿಕ್ಕದಿದ್ದಲ್ಲಿ ಸಿಗುವುದೂ ಇವೆರಡೇ.

ನಗರಗಳಿಗೆ ಇವೆರಡೂ ಇರಲಿಲ್ಲ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರಾದ ಆರ್ಡರ್ನ್ ಮತ್ತು ಲಾಕೆಟ್ ತೋರಿಸಿಕೊಟ್ಟ ಕ್ರಮದಲ್ಲಿ ಕೊಳಚೆಗೆ ಎಡೆಬಿಡದೆ ಗಾಳಿ ಊದಬೇಕು, ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು ಮತ್ತೆ ಮತ್ತೆ ತೊಟ್ಟಿಗೆ ಮರಳಿಸಬೇಕು. ಹೊಂಡದಲ್ಲಿ ವಾರಗಟ್ಟಲೆ ಹಿಡಿಯುವ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ದೊಡ್ಡ ಊರಿಗೆ ಇದು ವರವೇ ಸರಿ. ತೊಂದರೆ ಶುರುವಾದದ್ದು ಇದನ್ನೇ ಕಿರಿದು ಮಾಡಿ ಹಳ್ಳಿಯಲ್ಲಿ ಕೂರಿಸಿದಾಗ. ಹಳ್ಳಿಯಲ್ಲಿ ಬೆಳಗ್ಗೆ ಎಲ್ಲ ಮನೆಗಳ ಬಚ್ಚಲು ನೀರು ಒಟ್ಟಿಗೆ ನುಗ್ಗುತ್ತದೆ, ರಾತ್ರಿ ಹರಿವು ನಿಂತೇಹೋಗುತ್ತದೆ. ಗಾಳಿಯಂತ್ರ ಕೆಟ್ಟರೆ ರಿಪೇರಿ ಬಲ್ಲವರು ದೂರದಿಂದ ಬರಬೇಕು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಸತ್ತು ತೊಟ್ಟಿ ನಾರುತ್ತದೆ. ಮನೆಗಳು ಚದುರಿರುವುದರಿಂದ ಪೈಪಿನ ಖರ್ಚೂ ತಲೆಗೆ ಇಷ್ಟೆಂದು ಹಂಚಿದರೆ ನಗರಕ್ಕಿಂತ ಹೆಚ್ಚೇ. ಹಳ್ಳಿಯೆಂದರೆ ಚಿಕ್ಕ ನಗರವಲ್ಲ ಎಂಬುದನ್ನು ಯೋಜನೆ ಬರೆಯುವವರು ಮರೆತದ್ದೇ ಇಲ್ಲಿಯ ದೊಡ್ಡ ತಪ್ಪು ಎಂದು ನನಗನ್ನಿಸುತ್ತದೆ.

ಹೊಳೆಗೆ ಬಿಡುವ ನೀರು ಎಷ್ಟು ಶುದ್ಧವಿರಬೇಕೆಂಬ ಅಳತೆಗೋಲೂ ಹಾಗೆಯೇ. ಕೊಳಚೆ ವಿಲೇವಾರಿಯ ಬಗ್ಗೆ ವಿಚಾರಿಸಲು ನೇಮಿಸಿದ್ದ ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ಹಾಕಿಕೊಟ್ಟ ಮಿತಿಯನ್ನು ಎಷ್ಟೋ ದೇಶಗಳು ಅನುಸರಿಸಿದವು: ಲೀಟರಿಗೆ ಬಿಓಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) 20 ಮಿಲಿಗ್ರಾಂ, ಕರಗದೆ ನೀರಿನಲ್ಲಿ ಬೆರೆತಿರುವ ಘನಕಣ 30 ಮಿಲಿಗ್ರಾಂ. ಅದರ ಹಿಂದೊಂದು ಷರತ್ತಿತ್ತು. ಬಿಟ್ಟ ನೀರಿಗೆ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ನದಿಯಲ್ಲಿರಬೇಕು. ಹಳ್ಳಿಯ ಪಕ್ಕದ ತೊರೆಯಲ್ಲಿ ಬೇಸಿಗೆಯಲ್ಲಿ ಅಷ್ಟು ನೀರೆಲ್ಲಿ? ಕೆಲವೆಡೆ ಆಗ ಹರಿಯುವುದೇ ಚರಂಡಿಯ ನೀರು.

ಹಳ್ಳಿಗೆಂದೇ ಯೋಚಿಸಿದವರೂ ಇದ್ದರು. ನೆದರ್ಲೆಂಡ್ಸಿನ ಸಂಶೋಧಕ ಪಾಸ್ವೀರ್ 1954ರಲ್ಲಿ ಅಲ್ಲಿಯ ವೋರ್ಸ್ಕೋಟನ್ನಿನಲ್ಲಿ 360 ಜನರಿಗಾಗಿ, ನೀರು ಉಂಗುರದಂತೆ ಸುತ್ತುತ್ತಲೇ ಇರುವ ಕಾಲುವೆಯೊಂದನ್ನು ತೋಡಿಸಿದರು. ತಿರುಗುವ ಕುಂಚ ನೀರನ್ನು ಚಿಮ್ಮಿಸಿ ಗಾಳಿ ಕೂಡಿಸುತ್ತಿತ್ತು. ಕುಂಚ ನಿಲ್ಲಿಸಿದರೆ ಕೆಸರು ಅಲ್ಲೇ ತಳಕ್ಕಿಳಿದು ಮೇಲೆ ತಿಳಿ ನೀರು ನಿಲ್ಲುತ್ತಿತ್ತು. ಬೇರೆ ತೊಟ್ಟಿಯ ಹಂಗಿಲ್ಲ. ಜರ್ಮನಿಯಲ್ಲಿ ವಿಜ್ಞಾನಿ ಕೇಟೆ ಸೈಡೆಲ್ 1950ರ ದಶಕದಿಂದ ಜೊಂಡಿನಂಥ ಗಿಡಗಳ ಮೇಲೆ ಪ್ರಯೋಗ ನಡೆಸಿದರು. 1974ರಲ್ಲಿ ಅಲ್ಲಿಯ ಓತ್‌ಫ್ರೆಸೆನ್‌ನಲ್ಲಿ ಕೊಳಚೆ ನೀರು ಹಾಯಿಸುವ ಪೂರ್ಣ ಪ್ರಮಾಣದ ಜೊಂಡಿನ ಪಾತಿ ಕೆಲಸಕ್ಕಿಳಿಯಿತು. ಇಂಥ ಪಾತಿಗಳಲ್ಲಿ ಕೊಳೆ ತಿನ್ನುವುದು ಹೆಚ್ಚಾಗಿ ಬೇರು, ಮಣ್ಣು, ಜಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಗಳೇ. ಗಿಡ ಅವುಗಳಿಗೆ ಮನೆ.

ಕಾನೂನು ತಡವಾಗಿ ಬಂತು. ಕೊಳಚೆ ನೀರಿನ ಬಗ್ಗೆ ಯುರೋಪಿನ ಒಕ್ಕೂಟದ 1991ರ ನಿರ್ದೇಶನ ಹೆಚ್ಚಾಗಿ 2000 ಜನರಿಗಿಂತ ದೊಡ್ಡ ಊರುಗಳನ್ನೇ ಗಮನದಲ್ಲಿಟ್ಟುಕೊಂಡಿತ್ತು. 2024ರಲ್ಲಿ ಆ ಗೆರೆಯನ್ನು 1000ಕ್ಕೆ ಇಳಿಸಿದರು.

ಗೆರೆಯ ಕೆಳಗೆ ಉಳಿದ ಹಲವರ ಪಾಲಿಗೆ ಈಗಲೂ ಹಳೆಯ ಸೆಪ್ಟಿಕ್ ಟ್ಯಾಂಕೇ ಗತಿ. ಫ್ರಾನ್ಸಿನ ಮುರಾಸ್ 1881ರಲ್ಲಿ ಪೇಟೆಂಟ್ ಪಡೆದ, 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನ ಕ್ಯಾಮರಾನ್ ಈ ಹೆಸರಿಟ್ಟ ತೊಟ್ಟಿ ಅದು. ತಳದಲ್ಲಿ ಹೂಳು, ಮೇಲೆ ಜಿಡ್ಡಿನ ಕೆನೆ, ನಡುವಿನ ನೀರಷ್ಟೇ ಇಂಗುಗುಂಡಿಗೆ. ಹೂಳು, ಕೆನೆ ಸೇರಿ ತೊಟ್ಟಿಯ ಮೂರನೇ ಒಂದು ಪಾಲು ತುಂಬಿದರೆ ತೆಗೆಸಲೇಬೇಕು. ತೆಗೆಸದಿದ್ದರೂ ಮನೆಯೊಳಗೆ ಬೇಗ ಗೊತ್ತಾಗುವುದಿಲ್ಲ. ಹೂಳು ಮೆಲ್ಲಗೆ ಇಂಗುಗುಂಡಿ ಸೇರಿ ಮಣ್ಣಿನ ಬಾಯಿ ಕಟ್ಟುತ್ತದೆ, ಕೊಳೆ ನೀರು ಕೊನೆಗೆ ಅಂಗಳದಲ್ಲಿ ಒಸರುತ್ತದೆ. ಮುಚ್ಚಳ ತೆಗೆದು ಕೋಲು ಇಳಿಸಿ ಆಳ ನೋಡುವ ಕೆಲಸ ಯಾರದೆಂದು ಬಹಳಷ್ಟು ಊರುಗಳಲ್ಲಿ ಎಲ್ಲೂ ಬರೆದಿಲ್ಲ.