ಹೋಜಿಯರ್ ಒಂದೇ ಹಾಡಿನಿಂದ ರಾತ್ರೋರಾತ್ರಿ ಫೇಮಸ್ ಆದರಾ?

ಪ್ರಶ್ನೆ: ‘ಟೇಕ್ ಮಿ ಟು ಚರ್ಚ್’ ಹಾಡನ್ನು ಯಾವುದೋ ರೀಲ್‌ನಲ್ಲಿ ಕೇಳಿ ಹುಡುಕಿದೆ. ಹಾಡಿದವರು ಐರ್ಲೆಂಡಿನ ಹೋಜಿಯರ್ ಅಂತ ಗೊತ್ತಾಯಿತು. ಮನೆಯ ಅಟ್ಟದಲ್ಲಿ ಕೂತು ಹಾಡಿ ಯೂಟ್ಯೂಬಿಗೆ ಬಿಟ್ಟಿದ್ದೇ ತಡ, ರಾತ್ರೋರಾತ್ರಿ ಸ್ಟಾರ್ ಆದರು ಅಂತಾರೆ. ನಿಜಾನಾ?

ಉತ್ತರ: ಅಟ್ಟದ ಕತೆ ನಿಜ. ‘ರಾತ್ರೋರಾತ್ರಿ’ ಅನ್ನೋದು ಮಾತ್ರ ಪೂರ್ತಿ ನಿಜವಲ್ಲ. ಹಾಡು ಬಿಡುಗಡೆಯಾಗಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಎರಡನೇ ಸ್ಥಾನಕ್ಕೆ ಏರಿದ್ದು 2014ರ ಡಿಸೆಂಬರ್‌ನಲ್ಲಿ. ನಡುವೆ ಹದಿನೈದು ತಿಂಗಳು! ಅದಕ್ಕೂ ಮುಂಚಿನ ಆರೇಳು ವರ್ಷದ ಕತೆ ಬೇರೆಯೇ ಇದೆ. ನನ್ನ ಪ್ರಕಾರ ಹಾಡಿಗಿಂತ ಆ ಕತೆಯೇ ಜಾಸ್ತಿ ಸ್ವಾರಸ್ಯವಾಗಿದೆ.

ಇವರ ಪೂರ್ತಿ ಹೆಸರು ಆಂಡ್ರೂ ಹೋಜಿಯರ್-ಬರ್ನ್. ಹುಟ್ಟಿದ್ದು 1990ರ ಮಾರ್ಚ್ 17ರಂದು. ಆ ದಿನ ಇಡೀ ಐರ್ಲೆಂಡ್ ಸೇಂಟ್ ಪ್ಯಾಟ್ರಿಕ್ ಹಬ್ಬದ ಗಲಾಟೆಯಲ್ಲಿರುತ್ತದೆ. ಊರು ಡಬ್ಲಿನ್‌ನಿಂದ ದಕ್ಷಿಣಕ್ಕೆ, ವಿಕ್ಲೋ ಕೌಂಟಿಯ ಬ್ರೇ ಕಡೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ತಂದೆ ಡಬ್ಲಿನ್‌ನ ಬ್ಲೂಸ್ ಬ್ಯಾಂಡ್‌ಗಳಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. ತಾಯಿ ಚಿತ್ರ ಕಲಾವಿದೆ. ಮಗನ ಮೊದಲ ಆಲ್ಬಂನ ಮುಖಚಿತ್ರ ಬರೆದದ್ದೂ ಅವರೇ. ಮನೆಯಲ್ಲಿ ಮಡ್ಡಿ ವಾಟರ್ಸ್, ಜಾನ್ ಲೀ ಹುಕರ್, ನೀನಾ ಸಿಮೋನ್ ಇವರ ಹಾಡುಗಳು. ಹಾಗಾಗಿ ಐರ್ಲೆಂಡಿನ ಹಳ್ಳಿಯ ಕಡೆ ಬೆಳೆದ ಈ ಹುಡುಗನ ದನಿಯಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್, ಅವರ ಚರ್ಚಿನ ಹಾಡುಗಳಾದ ಗಾಸ್ಪೆಲ್ ಕೇಳಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಗಿಟಾರನ್ನು ಹದಿಹರೆಯದಲ್ಲಿ ತಾವೇ ಕಲಿತರು.

ಮುಂದೆ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಡಿಗ್ರಿಗೆ ಸೇರಿದರು. ಮೊದಲ ವರ್ಷವೇ ಬಿಟ್ಟರು. ಯುನಿವರ್ಸಲ್ ಕಂಪನಿಯ ಐರ್ಲೆಂಡ್ ಶಾಖೆಗೆ ಡೆಮೊ, ಅಂದರೆ ಮಾದರಿ ಹಾಡುಗಳನ್ನು ರೆಕಾರ್ಡ್ ಮಾಡುವ ಅವಕಾಶ ಬಂದಿತ್ತು, ಅದೇ ಹೊತ್ತಿಗೆ ಪರೀಕ್ಷೆ. ಅವರು ಸ್ಟುಡಿಯೋ ಆರಿಸಿಕೊಂಡರು. ಸಿನಿಮಾ ಆಗಿದ್ದರೆ ಇಲ್ಲಿಂದಲೇ ಹೀರೋನ ದೆಸೆ ತಿರುಗಬೇಕಿತ್ತು, ಅಲ್ವಾ? ತಿರುಗಲಿಲ್ಲ. ಆ ಡೆಮೊಗಳಿಂದ ಏನೂ ಗಿಟ್ಟಲಿಲ್ಲ. ಕಾಲೇಜೂ ಹೋಯಿತು, ಆಲ್ಬಮ್ಮೂ ಬರಲಿಲ್ಲ. ‘ಅಟ್ಟದಿಂದ ನೇರ ಅಮೆರಿಕಕ್ಕೆ’ ಅಂತ ಕತೆ ಹೇಳುವವರು ಸಾಮಾನ್ಯವಾಗಿ ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಆದರೆ ಆ ವರ್ಷಗಳಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. 2007ರಿಂದ 2012ರವರೆಗೆ, ಅಂದರೆ ಹದಿನೇಳರಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ, ಅವರು ‘ಅನೂನಾ’ ಎಂಬ ಕ್ವಾಯರ್‌ನಲ್ಲಿ, ಅಂದರೆ ಹಲವರು ದನಿಗೂಡಿಸಿ ಹಾಡುವ ತಂಡದಲ್ಲಿ, ಹಾಡುತ್ತಿದ್ದರು. 1987ರಲ್ಲಿ ಮೈಕಲ್ ಮೆಕ್‌ಗ್ಲಿನ್ ಕಟ್ಟಿದ ತಂಡ ಅದು. ಹಳೆಯ ಐರಿಶ್ ಹಾಡುಗಳನ್ನು, ಮಧ್ಯಯುಗದ ಪ್ರಾರ್ಥನೆಗಳನ್ನು ಹೊಸದಾಗಿ ಕೂಡಿಸಿ ಹಾಡುವುದು ಅವರ ಕಸುಬು. 1994ರ ಯೂರೋವಿಷನ್ ಎಂಬ ಹಾಡಿನ ಸ್ಪರ್ಧೆಯ ವಿರಾಮದಲ್ಲಿ ‘ರಿವರ್‌ಡಾನ್ಸ್’ ಎಂಬ ಏಳೆಂಟು ನಿಮಿಷದ ಕುಣಿತ ಮೊದಲ ಸಲ ಬಂದು ಜಗತ್ತನ್ನೇ ಮರುಳು ಮಾಡಿತಲ್ಲ, ಅದರ ಶುರುವಿನಲ್ಲಿ ಕೇಳುವ ದನಿಗಳು ಈ ಅನೂನಾದವರವೇ. ಹೋಜಿಯರ್ ಈ ತಂಡದ ಜೊತೆ ಬೇರೆ ದೇಶಗಳಿಗೂ ಹೋಗಿ ಬಂದರು. 2012ರ ‘ಇಲ್ಯುಮಿನೇಷನ್’ ಆಲ್ಬಂನಲ್ಲಿ ಅವರು ಮುಂದೆ ನಿಂತು ಹಾಡಿದ ಒಂದು ಹಾಡೂ ಇದೆ.

ಈ ವಿಷಯ ಒತ್ತಿ ಹೇಳೋದಕ್ಕೆ ಕಾರಣ ಇದೆ. ‘ಟೇಕ್ ಮಿ ಟು ಚರ್ಚ್’ ಹಾಡನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಪಿಯಾನೊ ಮತ್ತು ಒಂಟಿ ದನಿ. ಆಮೇಲೆ ಭಾರವಾದ ಡ್ರಮ್ಸ್. ಪಲ್ಲವಿಗೆ ಬರುವ ಹೊತ್ತಿಗೆ ಒಂದು ದನಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಕೂತು ಇಡೀ ಚರ್ಚೇ ಎದ್ದು ನಿಂತು ‘ಆಮೆನ್’ ಅನ್ನುತ್ತಿದೆಯೇನೋ ಅನ್ನಿಸುತ್ತದೆ. ದನಿಗಳನ್ನು ಹೀಗೆ ಜೋಡಿಸೋದು ಒಂದು ರಾತ್ರಿಯಲ್ಲಿ ಬರುವ ವಿದ್ಯೆಯಲ್ಲ. ಐದು ವರ್ಷ ಕ್ವಾಯರ್‌ನ ಸಾಲಿನಲ್ಲಿ ನಿಂತು, ಪಕ್ಕದವರ ದನಿಗೆ ಕಿವಿ ಕೊಟ್ಟವರಿಗೆ ಬರುವಂಥದ್ದು. ಚರ್ಚನ್ನು ಬಯ್ಯುವ ಹಾಡನ್ನು ಚರ್ಚಿನ ರಾಗದಲ್ಲೇ ಕಟ್ಟಿದ್ದು ಅವರ ಜಾಣತನ.

ಹಾಡಿನ ಡೆಮೊ ತಯಾರಾದದ್ದು ವಿಕ್ಲೋದ ಮನೆಯ ಅಟ್ಟದಲ್ಲಿ. ಅದು ಡಬ್ಲಿನ್‌ನ ರೂಬಿವರ್ಕ್ಸ್ ಎಂಬ ಸಣ್ಣ ಕಂಪನಿಯ ಕೈಗೆ ಬಂತು. ಮೆಕ್ಸಿಕೊದ ಗಿಟಾರ್ ಜೋಡಿ ರೊಡ್ರಿಗೊ ಮತ್ತು ಗೇಬ್ರಿಯೆಲಾ ಅವರ ಆಲ್ಬಂಗಳನ್ನು ಹೊರತಂದ ಕಂಪನಿ ಅದು. ಯೂ2, ಪಿ.ಜೆ. ಹಾರ್ವಿ ಮುಂತಾದವರ ಜೊತೆ ಕೆಲಸ ಮಾಡಿದ್ದ ರಾಬ್ ಕರ್ವನ್ ನಿರ್ಮಾಪಕರಾಗಿ ಬಂದರು. ಸಂಗೀತಕ್ಕೆ ಬೇಕಾದ ತಿದ್ದುಪಡಿ ಎಲ್ಲ ಆಯಿತು. ದನಿ ಮಾತ್ರ ಅಟ್ಟದಲ್ಲಿ ಹಾಡಿದ್ದೇ ಉಳಿಯಿತು. ಹೀಗಾಗಿ ಕೋಟಿಗಟ್ಟಲೆ ಜನ ಕೇಳಿರೋದು ಮನೆಯಲ್ಲಿ ರೆಕಾರ್ಡ್ ಆದ ದನಿಯನ್ನೇ. ನಿಮ್ಮ ಪ್ರಶ್ನೆಯಲ್ಲಿ ನೂರಕ್ಕೆ ನೂರು ನಿಜವಾದ ಭಾಗ ಇದು.

ಇನ್ನು ಹಾಡಿನ ಒಳಗೆ ಏನಿದೆ? ಹೆಸರು ಕೇಳಿ ಇದು ಭಕ್ತಿಗೀತೆ ಅಂದುಕೊಂಡವರನ್ನೂ ನೋಡಿದ್ದೇನೆ. ಇದು ಪ್ರೇಮದ ಹಾಡು. ಪ್ರೀತಿಸಿದವಳನ್ನೇ ದೇವರ ಜಾಗದಲ್ಲಿ ಕೂರಿಸಿ, ‘ನೀನು ಹುಟ್ಟಿನಿಂದಲೇ ಪಾಪಿ’ ಅಂತ ಹೇಳಿಕೊಡುವ ಸಂಸ್ಥೆಗೆ ಬೆನ್ನು ತಿರುಗಿಸುವ ಹಾಡು. ಹೋಜಿಯರ್ ಹಲವು ಸಂದರ್ಶನಗಳಲ್ಲಿ ಹೇಳಿರುವುದೂ ಇದನ್ನೇ: ತನ್ನ ತಕರಾರು ಜನರ ನಂಬಿಕೆಯ ಮೇಲಲ್ಲ, ಮನುಷ್ಯನ ಸಹಜ ಸ್ವಭಾವಕ್ಕೆ ನಾಚಿಕೆ ಪಡು ಅನ್ನುವ ಸಂಸ್ಥೆಗಳ ಮೇಲೆ.

ಆಗಿನ ಐರ್ಲೆಂಡ್ ಹೇಗಿತ್ತು ಅಂತ ಗೊತ್ತಿದ್ದರೆ ಇದು ಸರಿಯಾಗಿ ಅರ್ಥವಾಗುತ್ತದೆ. ಸಲಿಂಗ ಪ್ರೇಮ ಅಲ್ಲಿ 1993ರವರೆಗೂ ಅಪರಾಧವಾಗಿತ್ತು. ‘ಕೆಟ್ಟ ಹೆಣ್ಣುಮಕ್ಕಳು’ ಅಂತ ಹಣೆಪಟ್ಟಿ ಹಚ್ಚಿ ಹೆಂಗಸರನ್ನು ಕೂಡಿಹಾಕಿ, ಕೂಲಿ ಕೊಡದೆ ಬಟ್ಟೆ ಒಗೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಅವನ್ನು ನಡೆಸುತ್ತಿದ್ದವರು ಕ್ಯಾಥೊಲಿಕ್ ಸನ್ಯಾಸಿನಿಯರು. ಅದಕ್ಕೆ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2013ರ ಫೆಬ್ರವರಿಯಲ್ಲಿ, ಈ ಹಾಡು ಬರುವುದಕ್ಕೆ ಏಳು ತಿಂಗಳು ಮುಂಚೆ.

ಇನ್ನೊಂದು ಘಟನೆ ನಮಗೇ ಗೊತ್ತು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 31 ವರ್ಷ. ಹದಿನೇಳು ವಾರದ ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೂ, ಮಗುವಿನ ಎದೆಬಡಿತ ಇರುವವರೆಗೆ ಗರ್ಭಪಾತ ಮಾಡಲಿಲ್ಲ. ‘ಇದು ಕ್ಯಾಥೊಲಿಕ್ ದೇಶ’ ಅನ್ನುವ ಮಾತು ತನ್ನ ಬಾಯಿಂದ ಬಂದಿತ್ತು ಅಂತ ಅಲ್ಲಿನ ಸೂಲಗಿತ್ತಿ ವಿಚಾರಣೆಯಲ್ಲಿ ಒಪ್ಪಿಕೊಂಡರು. ಸವಿತಾ ಸಾವಿನ ನಂತರ ಐರ್ಲೆಂಡಿನ ಬೀದಿಗಳಲ್ಲಿ ಮೇಣದಬತ್ತಿ ಹಿಡಿದು ಸಾವಿರಾರು ಜನ ನಿಂತರು. ಹೋಜಿಯರ್ ಹಾಡು ಸವಿತಾ ಬಗ್ಗೆ ಅಂತ ನಾನು ಹೇಳುತ್ತಿಲ್ಲ. ಆದರೆ ಹಾಡು ಬಂದಾಗ ಆ ದೇಶದ ಯುವಜನರ ಮನಸ್ಸಿನಲ್ಲಿ ಎಂಥ ಸಿಟ್ಟು ಕುದಿಯುತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡದವರಿಗೆ ಸಿಗಲಾರದು.

ಈಗ ವಿಡಿಯೊ ವಿಷಯಕ್ಕೆ ಬರೋಣ. ಹಾಡನ್ನು ಊರೂರಿಗೆ ಮುಟ್ಟಿಸಿದ್ದು ಅದು. ಕಾರ್ಕ್ ನಗರದ ಬ್ರೆಂಡನ್ ಕ್ಯಾಂಟಿ ಮತ್ತು ಕೊನಲ್ ಥಾಮ್ಸನ್ ಸಣ್ಣ ಬಜೆಟ್‌ನಲ್ಲಿ ಮಾಡಿದ ಕಪ್ಪು ಬಿಳುಪಿನ ವಿಡಿಯೊ. ಅದು ಯೂಟ್ಯೂಬಿಗೆ ಬಂದದ್ದು 2013ರ ಸೆಪ್ಟೆಂಬರ್ 25ರಂದು. ಇಬ್ಬರು ಹುಡುಗರ ಪ್ರೀತಿ. ಸರಪಳಿ ಸುತ್ತಿದ ಒಂದು ಪೆಟ್ಟಿಗೆಯನ್ನು ಒಬ್ಬ ಮಣ್ಣಿನಲ್ಲಿ ಹೂತಿಡುತ್ತಾನೆ. ಮುಖ ಮುಚ್ಚಿಕೊಂಡ ಗುಂಪೊಂದು ಅವನ ಮನೆಗೆ ನುಗ್ಗಿ, ಹೊರಗೆ ಎಳೆದು ಹೊಡೆಯುತ್ತದೆ. ರಷ್ಯಾದಲ್ಲಿ ಆ ವರ್ಷ ಜೂನ್‌ನಲ್ಲಿ ಸಲಿಂಗ ಪ್ರೇಮದ ‘ಪ್ರಚಾರ’ ತಡೆಯುವ ಕಾನೂನು ಬಂದಿತ್ತು, ಅಲ್ಲಿ ಇಂಥ ಗುಂಪುಗಳ ಹಾವಳಿ ಸುದ್ದಿಯಲ್ಲಿತ್ತು. ವಿಡಿಯೊ ಅದನ್ನೇ ತೋರಿಸುತ್ತಿದೆ ಅಂತ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ. ರೆಡ್ಡಿಟ್ ಎಂಬ ಚರ್ಚಾತಾಣದ ಮೊದಲ ಪುಟಕ್ಕೆ ಬಂತು, ಅಲ್ಲಿಂದ ಹಬ್ಬಿತು. ತಮಾಷೆಯೆಂದರೆ ಇಡೀ ವಿಡಿಯೊದಲ್ಲಿ ಹೋಜಿಯರ್ ಮುಖವೇ ಇಲ್ಲ. ಮುಖ ತೋರಿಸಿ ಫೇಮಸ್ ಆಗುವ ಕಾಲದಲ್ಲಿ ಇವರು ಮುಖ ತೋರಿಸದೆ ಆದರು.

ಇಲ್ಲಿಗೆ ಕತೆ ಮುಗಿಯಿತು ಅಂತ ಅನ್ನಿಸಬಹುದು. ಆದರೆ ಆನ್‌ಲೈನ್‌ನಲ್ಲಿ ಹಬ್ಬಿದ ಮಾತ್ರಕ್ಕೆ ಅಮೆರಿಕದ ರೇಡಿಯೊದವರು ಹಾಡು ಹಾಕುವುದಿಲ್ಲ. ಅಮೆರಿಕದಲ್ಲಿ ಕೊಲಂಬಿಯಾ, ಬ್ರಿಟನ್‌ನಲ್ಲಿ ಐಲೆಂಡ್ ಕಂಪನಿ ಹೋಜಿಯರ್‌ನ ಕೈಹಿಡಿದವು. 2014ರಲ್ಲಿ ‘ಫ್ರಮ್ ಈಡನ್’ ಬಂತು, ಸೆಪ್ಟೆಂಬರ್‌ನಲ್ಲಿ ಅವರದೇ ಹೆಸರಿನ ಆಲ್ಬಂ ಬಂತು. ಅಕ್ಟೋಬರ್‌ನಲ್ಲಿ ಬಾಸ್ಕೆಟ್‌ಬಾಲ್ ತಾರೆ ಲೆಬ್ರಾನ್ ಜೇಮ್ಸ್ ತವರಿಗೆ ಮರಳುವ ಬೀಟ್ಸ್ ಹೆಡ್‌ಫೋನ್ ಜಾಹೀರಾತಿನಲ್ಲಿ ಈ ಹಾಡು ಕೇಳಿಸಿತು. ಅದೇ ತಿಂಗಳು ಅಮೆರಿಕದ ಟೀವಿಯ ‘ಸ್ಯಾಟರ್ಡೆ ನೈಟ್ ಲೈವ್’ ಕಾರ್ಯಕ್ರಮದಲ್ಲಿ ಹೋಜಿಯರ್ ಹಾಡಿದರು.

ಆ ವೇದಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 1992ರ ಅಕ್ಟೋಬರ್‌ನಲ್ಲಿ ಇನ್ನೊಬ್ಬ ಐರಿಶ್ ಗಾಯಕಿ ಶಿನೇಡ್ ಓಕಾನರ್ ಇದೇ ಕಾರ್ಯಕ್ರಮದಲ್ಲಿ ಪೋಪ್ ಫೋಟೊವನ್ನು ಹರಿದು ಹಾಕಿದ್ದರು. ಚರ್ಚಿನಲ್ಲಿ ಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯಕ್ಕೆ ಅವರ ಪ್ರತಿಭಟನೆ ಅದು. ಅಮೆರಿಕ ಅವರ ಮೇಲೆ ಮುಗಿಬಿತ್ತು, ಅವರ ವೃತ್ತಿಗೇ ಪೆಟ್ಟಾಯಿತು. ಇಪ್ಪತ್ತೆರಡು ವರ್ಷದ ನಂತರ ಅದೇ ಚರ್ಚಿನ ಮೇಲೆ ಹಾಡು ಕಟ್ಟಿದ ಹುಡುಗನಿಗೆ ಚಪ್ಪಾಳೆ ಬಿತ್ತು. ಹೋಜಿಯರ್ ಪ್ರತಿಭೆ ದೊಡ್ಡದೇ. ಆದರೆ ಕಾಲ ಮಾಗಿದ್ದಾಗ ಬಂದರು, ಅವರಿಗಿಂತ ಮುಂಚೆ ಪೆಟ್ಟು ತಿಂದವರು ದಾರಿ ಮಾಡಿಕೊಟ್ಟಿದ್ದರು.

ಡಿಸೆಂಬರ್‌ನಲ್ಲಿ ಹಾಟ್ 100ರ ಎರಡನೇ ಸ್ಥಾನ. ಮೊದಲ ಸ್ಥಾನ ಬಿಟ್ಟುಕೊಡದೆ ಕೂತಿದ್ದದ್ದು ಟೇಲರ್ ಸ್ವಿಫ್ಟ್ ಅವರ ‘ಬ್ಲ್ಯಾಂಕ್ ಸ್ಪೇಸ್’. 2015ರ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಆನಿ ಲೆನಾಕ್ಸ್ ಜೊತೆ ಹಾಡಿದರು. ‘ವರ್ಷದ ಹಾಡು’ ಪ್ರಶಸ್ತಿಗೆ ಹೆಸರೂ ಇತ್ತು, ಪ್ರಶಸ್ತಿ ಸ್ಯಾಮ್ ಸ್ಮಿತ್ ಹಾಡಿದ ‘ಸ್ಟೇ ವಿತ್ ಮಿ’ಗೆ ಹೋಯಿತು. ಅದೇ ವರ್ಷ ಮೇ 22ರಂದು ಐರ್ಲೆಂಡಿನ ಜನ ಶೇ 62ರಷ್ಟು ಮತ ಹಾಕಿ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟರು. ಜನಮತದ ಮೂಲಕ ಹಾಗೆ ಮಾಡಿದ ಮೊದಲ ದೇಶ ಅದು. ಮತ್ತೆ ಮೂರು ವರ್ಷಕ್ಕೆ, ಸವಿತಾ ಹೆಸರು ಹಿಡಿದು ನಡೆದ ಚಳವಳಿಯ ಫಲವಾಗಿ ಗರ್ಭಪಾತದ ನಿಷೇಧವೂ ಹೋಯಿತು.

‘ಒಂದೇ ಹಾಡಿನವರು’ ಅನ್ನುವ ಮಾತಿಗೂ ಉತ್ತರ ಕೊಡಬೇಕಲ್ಲ. ಮೊದಲ ಆಲ್ಬಂ ಆದ ಮೇಲೆ ಹೋಜಿಯರ್ ಹೊಸ ಹಾಡುಗಳ ಗುಚ್ಛ ಬಿಡುವುದಕ್ಕೆ 2018ರವರೆಗೆ ತೆಗೆದುಕೊಂಡರು. ಎರಡನೇ ಆಲ್ಬಂ ‘ವೇಸ್ಟ್‌ಲ್ಯಾಂಡ್, ಬೇಬಿ!’ 2019ರ ಮಾರ್ಚ್‌ನಲ್ಲಿ ಬಂದು ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಹೋಯಿತು. 2024ರ ಏಪ್ರಿಲ್‌ನಲ್ಲಿ ‘ಟೂ ಸ್ವೀಟ್’ ಹಾಟ್ 100ರಲ್ಲಿ ಮೊದಲ ಸ್ಥಾನ ಹಿಡಿಯಿತು. 1990ರಲ್ಲಿ ಶಿನೇಡ್ ಓಕಾನರ್ ಅಲ್ಲಿ ನಿಂತ ಮೇಲೆ ಐರ್ಲೆಂಡಿನ ಯಾವ ಗಾಯಕರಿಗೂ ಸಿಕ್ಕಿರದ ಜಾಗ ಅದು.

ಹೊಸದಾಗಿ ಕೇಳುವವರು ‘ಚರ್ಚ್’ ಆದ ಮೇಲೆ ‘ಚೆರ್ರಿ ವೈನ್’ ಕೇಳಿ. ಮೊದಲ ಆಲ್ಬಂನಲ್ಲೇ ಇದೆ. ಬರೀ ಗಿಟಾರ್ ಮತ್ತು ದನಿ. ವಿಕ್ಲೋದ ಪಾಳುಬಿದ್ದ ಹೋಟೆಲೊಂದರ ತಾರಸಿಯ ಮೇಲೆ ಬೆಳಗಿನ ಜಾವ ರೆಕಾರ್ಡ್ ಮಾಡಿದ್ದು, ಹಕ್ಕಿಗಳ ದನಿಯೂ ಸೇರಿಕೊಂಡಿದೆ. ಕೇಳಲು ಜೋಗುಳದ ಹಾಗಿದ್ದರೂ ಹಾಡಿರೋದು ಮನೆಯೊಳಗೆ ಹೊಡೆತ ತಿನ್ನುತ್ತಲೇ ಅದನ್ನು ಪ್ರೀತಿ ಅಂದುಕೊಳ್ಳುವವರ ಬಗ್ಗೆ. ಆಮೇಲೆ ಅನೂನಾದವರ ‘ಇಲ್ಯುಮಿನೇಷನ್’ ಹುಡುಕಿ, ಅದರಲ್ಲಿ ‘ಲಾ ಶಾನ್ಸೋನ್ ದ ಮಾರ್ಡಿ ಗ್ರಾ’ ಕೇಳಿ. ಮುಂದೆ ನಿಂತು ಹಾಡುತ್ತಿರುವುದು ಯಾರು ಅಂತ ನಿಮಗೇ ಗೊತ್ತಾಗುತ್ತದೆ.